ಶ್ರೀ ಕಾಳ್ಯಾ ಅವರ ಖೋಲಿ

ಬೈಕುಲ್ಲಾದ ಆ ಹಳೆಯ ಚಾಳಿನ ಮೂಲೆಯ ಒಂದೇ ಕೋಣೆಯ ಖೋಲಿಯಲ್ಲಿ ಕಾನೂನುಬದ್ಧವಾಗಿ ವಾಸಿಸುತ್ತಿರುವ ಏಕಮಾತ್ರ ಜೀವಿ ಕಾಳ್ಯಾ ಎಂಬ ನಾಯಿ. ಇದು ಯಾರದೋ ಅಭಿಪ್ರಾಯವಲ್ಲ, ಪುನರ್ವಸತಿ ಕಚೇರಿಯ ತೀರ್ಮಾನ.

ಚಾಳು ಕೆಡವಿ ಅಲ್ಲಿಯೇ ದೊಡ್ಡ ಬಿಲ್ಡಿಂಗ್ ಎಬ್ಬಿಸುವುದೆಂದೂ, ಇಲ್ಲಿನ ನಿವಾಸಿಗಳೆಂದು ರುಜುವಾತಾದವರಿಗೆ ಅದರಲ್ಲಿ ಮನೆ ಕೊಡುವುದೆಂದೂ ಗೊತ್ತಾಗಿತ್ತು. ಖಂಡಪ್ಪ ಮಾರ್ಕೆಟ್ಟಿನಲ್ಲಿ ತರಕಾರಿ ಮೂಟೆ ಹೊರುತ್ತ, ಹೆಂಡತಿ ಗುರುಬಾಯಿ, ಮಗಳು ಸೋನಾಲಿಯೊಡನೆ ಈ ಖೋಲಿಯಲ್ಲೇ ತಲೆ ನರೆಸಿಕೊಂಡವನು. ಆದರೆ ಮನೆಮಂದಿಯ ಆಧಾರ್, ರೇಷನ್ ಕಾರ್ಡು, ವೋಟು ಎಲ್ಲವೂ ಇಂಡಿ ತಾಲೂಕಿನ ಹಳ್ಳಿಯಲ್ಲೇ ಕೂತಿದ್ದವು. ವಿಳಾಸ ಬದಲಿಸಬೇಕೆಂದು ಅವನು ಪ್ರತಿವರ್ಷ ಮನಸ್ಸು ಮಾಡುತ್ತಿದ್ದ. ಮನಸ್ಸು ಮಾಡಿದ್ದೇ ಅರ್ಧ ಕೆಲಸವೆಂದು ಉಳಿದರ್ಧವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಿದ್ದ.

ನಾಯಿಯ ಸಂಗತಿ ಹಾಗಲ್ಲ. ಸಾಕುಪ್ರಾಣಿ ನೋಂದಣಿ ಅಭಿಯಾನದಲ್ಲಿ ಅದರ ಹೆಗಲ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಕೂರಿಸಿದ್ದರು. 'ವಿವರ ನವೀಕರಿಸಿ, ತಪ್ಪಿದಲ್ಲಿ ದಂಡ' ಎಂಬ ಮೆಸೇಜು ಬಂದಾಗಲೆಲ್ಲ ಸೋನಾಲಿ ಮೊಬೈಲಿನಲ್ಲಿ ಕಾಳ್ಯಾನ ವಿಳಾಸ, ತೂಕ, ಸ್ವಭಾವ ಎಲ್ಲವನ್ನೂ ತುಂಬುತ್ತಿದ್ದಳು.

ಪುನರ್ವಸತಿ ಕಚೇರಿಯಿಂದ ತಪಾಸಣೆಗೆ ಬಂದ ಅಧಿಕಾರಿ ಸುಹಾಸ, ಕಾಂದಿವಲಿಯಲ್ಲಿ ಹುಟ್ಟಿ ಬೆಳೆದ ಮಂಗಳೂರು ಕಡೆಯವನು. ಚಿಪ್ ಓದುವ ಯಂತ್ರವನ್ನು ಕಾಳ್ಯಾನ ಹೆಗಲಿಗೆ ಹಿಡಿದ. ಅದು ಟುಯ್ ಎಂದಿತು.

"ಅಂಕಲ್, ಇದರದ್ದು ಎಲ್ಲ ಅಪ್‌ಡೇಟ್ ಉಂಟು. ಏಕ್‌ದಮ್ ಕ್ಲಿಯರ್. ನಿಮ್ಮದು ಮಾತ್ರ ನಹೀ ಚಲೇಗಾ."

"ಸಾಹೇಬ್ರ, ನಾಯಿ ಇಲ್ಲೈತಿ ಅಂದ್ರ ಅದಕ್ಕ ಅನ್ನ ಹಾಕಾವ್ರೂ ಇಲ್ಲೇ ಇರಬೇಕಲ್ರಿ?"

"ಅದು ಅಂದಾಜು. ಅಂದಾಜು ಬರೀಲಿಕ್ಕೆ ನಮಗೆ ಪರ್ಮಿಷನ್ ಇಲ್ಲ."

"ಹಂಗಾರ ನನಗೂ ಒಂದು ಚಿಪ್ ಹಾಕಿಬಿಡ್ರಿ" ಎಂದು ಖಂಡಪ್ಪ ಕುತ್ತಿಗೆ ಬಗ್ಗಿಸಿದ.

"ಮನುಷ್ಯರಿಗೆ ಸ್ಕೀಮ್ ಬರಲಿಲ್ಲ ಇನ್ನೂ" ಎಂದು ಸುಹಾಸ ನಿಜವಾದ ಮರುಕದಿಂದ ಹೇಳಿದ.

ಕಚೇರಿ ಕಟುಕರದಲ್ಲ. ಕೆಲವೇ ದಿನಗಳಲ್ಲಿ ಸುತ್ತೋಲೆ ಬಂತು:

'ಕಾಗದದ ದಾಖಲೆಯನ್ನು ಇಲಿ ತಿನ್ನಬಹುದು, ಮಳೆ ನೆನೆಸಬಹುದು. ಚರ್ಮದೊಳಗಿನ ದಾಖಲೆಗೆ ಸದರಿ ದೋಷಗಳಿಲ್ಲದ ಕಾರಣ ಅದನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು. ಖೋಲಿಯ ಹಕ್ಕು ಶ್ರೀ ಕಾಳ್ಯಾ ಅವರದು. ಅವರು ತಮ್ಮವರೆಂದು ಗುರುತಿಸಿದ ಮನುಷ್ಯರು ಅವಲಂಬಿತರಾಗಿ ಜೊತೆಗಿರಬಹುದು. ಗುರುತಿಸುವಿಕೆಯು ಬಾಲದ ಮೂಲಕ ಆಗತಕ್ಕದ್ದು. ಬೊಗಳಿದಲ್ಲಿ ಆಕ್ಷೇಪಣೆಯೆಂದು ದಾಖಲಿಸಲಾಗುವುದು.'

ಖಂಡಪ್ಪನಿಗೆ ಹೋದ ಜೀವ ಬಂದಂತಾಯಿತು. ಅವನ ಬೆವರಿನ ಬನಿಯನ್ ಸಿಗದಿದ್ದರೆ ನಿದ್ದೆಯನ್ನೇ ಮಾಡದ ನಾಯಿ ಅದು. ಇನ್ನು ಗುರುತಿಸದೆ ಇರುತ್ತದೆಯೇ?

ಗುರುತಿನ ದಿನ ಗುರುಬಾಯಿ ಬಿಡಲಿಲ್ಲ. "ಸಾಹೇಬ್ರು ಬರಾಕತ್ತಾರ. ಹಮಾಲನಂಗ ನಿಂದರಬ್ಯಾಡ್ರಿ" ಎಂದು ಗಂಡನನ್ನು ಕ್ಷೌರಕ್ಕೆ ಅಟ್ಟಿ, ಇಸ್ತ್ರಿ ಅಂಗಿ ತೊಡಿಸಿ, ಮೇಲಿಂದ ಅತ್ತರನ್ನೂ ಬಳಿದಳು.

ಖೋಲಿಯ ಮುಂದಿನ ಗ್ಯಾಲರಿಯ ತುಂಬ ಚಾಳಿನ ಜನ. ಕಾಳ್ಯಾ ಮಂಚದ ಮೇಲೆ. ಗುರುಬಾಯಿ ಮುಂದೆ ಬಂದಳು, ಬಾಲ ಆಡಿತು. ಸೋನಾಲಿ ಬಂದಳು, ಬಾಲದ ಜೊತೆ ಇಡೀ ನಾಯಿಯೇ ಆಡಿತು. ಖಂಡಪ್ಪ ಬಂದ. ಕಾಳ್ಯಾ ಮೂಸಿತು, ಸೀನಿತು, ಹಿಂದೆ ಸರಿದು ಗೋಡೆಗೆ ಒತ್ತಿ ನಿಂತು ಚಾಳೆಲ್ಲ ಕೇಳುವಂತೆ ಬೊಗಳತೊಡಗಿತು.

"ಏ ಕಾಳ್ಯಾ, ನಾನಪಾ! ನಾನು!" ಎಂದು ಖಂಡಪ್ಪ ಕೂಗಿದ. ಬೊಗಳುತ್ತಿರುವವರಿಗೆ ಅದು ಕೇಳಿಸಬೇಕಲ್ಲ. ಅವನು ಅಂಗಿಯ ಗುಂಡಿಗೆ ಕೈ ಹಾಕಿದ.

"ಬಿಚ್ಚಬೇಡಿ ಅಂಕಲ್, ಸಾಕ್ಷಿಗೆ ಪ್ರೆಷರ್ ಹಾಕಿದ ಹಾಗೆ ಆಗ್ತದೆ" ಎಂದು ಸುಹಾಸ ತಡೆದು, 'ಆಕ್ಷೇಪಣೆ' ಎಂದು ಬರೆದುಕೊಂಡ.

"ಹಂಗಾರ ನಾನು ಎಲ್ಲಿ ಹೋಗ್ಲಿರಿ?"

"ಎಲ್ಲಿಗೂ ಹೋಗುವುದು ಬೇಡ. ನೀವು ಗೆಸ್ಟ್. ಮನೆಯವರು ಒಪ್ಪಿದರೆ ಇರಬಹುದು. ಡಿಟೇಲ್ಸ್ ಮಾತ್ರ ಅಪ್‌ಡೇಟ್ ಇಡಿ."

ಸುಹಾಸ ಮೆಟ್ಟಿಲಿಳಿದ ಮೇಲೆ ಖಂಡಪ್ಪ ಅಂಗಿ ಕಳಚಿ ಮೈತೊಳೆದುಕೊಂಡ. ಕಾಳ್ಯಾ ಹಾರಿ ಬಂದು ಮುಖವೆಲ್ಲ ನೆಕ್ಕಿತು. ಅಷ್ಟರಲ್ಲಿ ಕಚೇರಿಯ ಸಮಯ ಮುಗಿದಿತ್ತು.

ಪಕ್ಕದ ಖೋಲಿಯ ದೇವಕ್ಕ ಇಣುಕಿ, "ಯಾವಾಗ ಬಂದದ್ದು ಖಂಡಪ್ಪಣ್ಣ? ಎರಡು ದಿನ ಇರ್ತೀರಲ್ಲ?" ಎಂದು ಆದರದಿಂದ ವಿಚಾರಿಸಿದಳು. ಖಂಡಪ್ಪ ಕಾಳ್ಯಾನ ಮುಖ ನೋಡಿ, "ನೋಡೋಣ್ರಿ" ಎಂದ.

ಗುರುಬಾಯಿ ಬಂದವರಿಗೆಂದೇ ಎತ್ತಿಟ್ಟಿದ್ದ ಹೂವಿನ ಕಪ್ಪು-ಬಸಿಯಲ್ಲಿ ಚಹಾ ತಂದು ಮುಂದಿಟ್ಟಳು. ಖಂಡಪ್ಪ ಮಂಚದ ತುದಿಯಲ್ಲಿ ಮುದುಡಿ ಕೂತು, "ಸುಮ್ಮನ ಯಾಕ ತ್ರಾಸ ತಗೊಂಡ್ರಿ ಬಾಯಾರ" ಎಂದು ಸಂಕೋಚದಿಂದ ಕೈ ಚಾಚಿದ.