ಬೆಟಗೇರಿ ಸಂಘದಲ್ಲಿ ಡೇಟಾಬೇಸ್ ಕಟ್ಟಿದ್ದು

ಕಂಪ್ಯೂಟರಿನ ಮುಂದೆ ಇಂಥ ಪಜೀತಿಗಳು ಆಗುತ್ತಲೇ ಇರುತ್ತವೆ ಎಂದು ನನಗೆ ಮೊದಲು ಹೇಳಿದಾಕೆ ಲಕ್ಷ್ಮೇಶ್ವರದಲ್ಲಿ ಕಂಪ್ಯೂಟರ್ ಕಲಿಸುವ ನಮ್ಮ ಅತ್ತಿಗೆ. "ಕಂಪ್ಯೂಟರ್ ತಾನಾಗಿ ಕೆಡಂಗಿಲ್ಲವ್ವಾ, ಸುತ್ತ ನಿಂತ ಮಂದಿ ಕೆಡಸ್ತಾರ" ಅಂದಿದ್ದಳು. ನಾನು ಬೆಟಗೇರಿಯ ನೇಕಾರರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಸುತ್ತ ನಿಲ್ಲುವ ಮಂದಿಗೆ ಇಲ್ಲಿ ಕೊರತೆಯಿಲ್ಲ.

ಅವತ್ತು ನಾಲ್ಕು ಗಂಟೆಗೆ ಸೀರೆ ಪ್ರದರ್ಶನದ ಅಧಿಕಾರಿ ಬರುವವರಿದ್ದರು. ನಮ್ಮ ಸೀರೆ ವಿನ್ಯಾಸಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರೆ ಸಂಘಕ್ಕೆ ಅಲ್ಲೊಂದು ಮಳಿಗೆ, ಇಲ್ಲದಿದ್ದರೆ ಇಲ್ಲ. ಹಿಂದಿನ ದಿನ ನಾನು ಪಟ್ಟಿಯ ಪ್ರೋಗ್ರಾಂ ಹೊಸದು ಮಾಡಿದ್ದೆ. ಅದಕ್ಕೆ ಅದರಡಿ ಮಾಹಿತಿ ಕೂಡಿಡುವ 'ಡೇಟಾಬೇಸ್ ಲೈಬ್ರರಿ' ಎಂಬ ಪುಟ್ಟ ಸಾಫ್ಟ್‌ವೇರೂ ಹೊಸದೇ ಬೇಕಂತೆ. ಸಿದ್ಧ ಪ್ರತಿ ನಮ್ಮ ಹಳೇ ಯಂತ್ರಕ್ಕೆ ಒಗ್ಗಲಿಲ್ಲ. ಮೂಲ ಕೋಡ್ ಇಳಿಸಿಕೊಂಡು ಇಲ್ಲೇ ಕಟ್ಟಬೇಕಾಯಿತು.

ಇಸಗೊಂಡದ್ದು

ಶುರು ಮಾಡಿದ ಕೂಡಲೇ, ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಕಟ್ಟಿಕೊಡುವ 'ಕಂಪೈಲರ್ ಇಲ್ಲ' ಎಂದು ಪರದೆಯ ಮೇಲೆ ಬಂತು. ನಮ್ಮ ಇಂಟರ್ನೆಟ್ಟಿನಲ್ಲಿ ಅಷ್ಟು ದೊಡ್ಡದು ಇಳಿಯುವುದಿಲ್ಲ ಎಂದೆ.

"ಇಲ್ಲಂದ್ರ ಇಸಗೊಂಡ್ರಾತು. ನಾವು ಮಗ್ಗದ ಹಣಿಗಿ ಒಬ್ಬರಕಡಿಂದ ಒಬ್ಬರು ಇಸಗೊಳ್ಳಂಗಿಲ್ಲೇನು?" ಅಂದರು ಸಂಘದ ಅಧ್ಯಕ್ಷರು.

"ಗದಗಿನ ಕಾಲೇಜಿನ್ಯಾಗ ಕೊಡ್ತಾರ್ರಿ."

ಗೂಡ್ಸ್ ಆಟೋ ಮಾಡಿಕೊಂಡು, ಹಗ್ಗ ತಗೊಂಡು ತಾವೇ ಹೋದರು. ಒಂದು ಪೆನ್ ಡ್ರೈವ್ ಹಿಡಿದು ಬಂದರು. ಹಗ್ಗ ಮಾತ್ರ ಕೆಳಗಿಡಲಿಲ್ಲ.

"ಉಳದದ್ದು ಸಂಜೀಕ ಕೊಡ್ತಾರೇನ್ರಿ?" ಎಂದು ನನ್ನನ್ನೇ ಕೇಳಿದರು.

ಕರೆಂಟ್

ಪರದೆಯ ಮೇಲೆ ಸಾಲು ಸಾಲು ಅಕ್ಷರ ಓಡತೊಡಗಿದವು. ಪಟ್ಟಿಯ ಅರ್ಧ ವಿನ್ಯಾಸ ನೇಯ್ದ ಹಿರಿಯ ನೇಕಾರ ಕಾಕಾ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಅಧ್ಯಕ್ಷರು ತಲೆ ಮೇಲೆ ಕೈ ಹೊತ್ತು ಕೂತರು. ಕಾಕಾ ಎದ್ದು ಹೋದರು. ಕರೆಂಟ್ ಬಂದು ನಾನು ಮತ್ತೆ ಶುರು ಮಾಡಿದ ಮೇಲೆ ಅವರೂ ಬಂದರು.

"ಎಲ್ಲಿಗೆ ಹೋಗಿದ್ರಿ ಕಾಕಾ?"

"ಒಂದ್ ಗೇಣು ನೇಯ್ದು ಬಂದೆ ತಂಗಿ. ನಮ್ಮ ಕೈಮಗ್ಗ ಹಳೀ ಮಾಡೆಲ್ ನೋಡು, ಕರೆಂಟ್ ಹೋದ್ರ ನಿಂದರಂಗಿಲ್ಲ."

ಗಂಟು

ಮೂರೂವರೆಗೆ ಕಟ್ಟಿದ್ದೂ ಆಯಿತು, ಇನ್‌ಸ್ಟಾಲ್ ಮಾಡಿದ್ದೂ ಆಯಿತು. ಪಟ್ಟಿ ತೆರೆದೆ. 'ಲೈಬ್ರರಿ ಹಳೆಯದು' ಅಂತು. ಮತ್ತೆ ಇನ್‌ಸ್ಟಾಲ್ ಮಾಡಿದೆ. ಮತ್ತೆ ಅದೇ ಮಾತು. ಹೊರಗೆ ಅಧಿಕಾರಿಯ ಜೀಪು ನಿಂತಿತು. ಅಧ್ಯಕ್ಷರು ಚಹಾ ತರಿಸುವ ನೆಪದಲ್ಲಿ ಅವರನ್ನು ಬಾಗಿಲಲ್ಲೇ ತಡೆದರು.

ಕಾಕಾ ಕೇಳಿದರು: "ಹಳೇದು ಒಳಗ ಐತೇನು?"

"ಐತ್ರಿ."

"ಹೊಸಾದು?"

"ಬ್ಯಾರೆ ಕಡೆ ಐತ್ರಿ."

"ಮಗ್ಗದಾಗ ಹೊಸಾ ಹಾಸಿನ ನೂಲು ಏರಿಸಬೇಕಾದ್ರ ಹಳೇ ಹಾಸಿನ ತುದಿಗೆ ಎಳಿ ಎಳಿ ಗಂಟು ಹಾಕ್ತೇವಿ. ಇಲ್ಲಂದ್ರ ಅದು ಒಳಗ ಬರಂಗಿಲ್ಲ. ನೀ ಗಂಟು ಹಾಕೀಯೇನವ್ವಾ?"

ಹಾಕಿರಲಿಲ್ಲ. ಹೊಸ ಲೈಬ್ರರಿ ಎಲ್ಲಿದೆಯೆಂದು ಯಂತ್ರಕ್ಕೆ ಹೇಳುವ ಒಂದೇ ಒಂದು ಆಜ್ಞೆ ಬಾಕಿಯಿತ್ತು. ಟೈಪ್ ಮಾಡಿದೆ. ಪಟ್ಟಿ ತೆರೆಯಿತು.

ಅಧಿಕಾರಿ ನೋಡಿ ಮೆಚ್ಚಿ, "ಇದನ್ನೆಲ್ಲ ಯಾರು ಮಾಡಿದ್ದು?" ಅಂದರು. ಅಧ್ಯಕ್ಷರು ಕಾಕಾರನ್ನು ತೋರಿಸಿದರು. ಅಧಿಕಾರಿ ಕೇಳಿದ್ದು ಸೀರೆಯ ಬಗ್ಗೆಯೋ ಕಂಪ್ಯೂಟರಿನ ಬಗ್ಗೆಯೋ ಎಂದು ಯಾರೂ ವಿಚಾರಿಸಲಿಲ್ಲ.

ಮಳಿಗೆ ಸಿಕ್ಕಿತು. ಜೊತೆಗೆ ಪತ್ರವೂ ಬಂತು: ಸಾಫ್ಟ್‌ವೇರ್ ಮಾಡಿದ ಹಿರಿಯರು ಬಂದು ಪ್ರಾತ್ಯಕ್ಷಿಕೆ ಕೊಡಬೇಕು.

ಕಾಕಾ ಪತ್ರ ಮಡಚಿ ಜೇಬಿಗಿಟ್ಟುಕೊಂಡು, "ಬರ್ತೇನಿ ಅಂತ ಬರಿ ತಂಗಿ. ಗೊತ್ತಿಲ್ಲದ್ದು ಏನರ ಕೇಳಿದ್ರ ಕರೆಂಟ್ ಹೋಗೇತಿ ಅಂತೇನಿ" ಅಂದರು.

ನೀವೂ ನಾಲ್ಕು ಮಂದಿಗೆ ಇದನ್ನು ಹೇಳಿ. ನಾನು ಕಂಪ್ಯೂಟರ್ ಡಿಗ್ರಿ ಮಾಡಿದವಳು ಎಂಬುದೊಂದನ್ನು ಬಿಟ್ಟು ಹೇಳಿ.