ಕ್ಯಾಪ್ಟನ್ ಸಾಹೇಬರೂ ನಮ್ಮನೆ ನಲ್ಲಿಯೂ

ಆ ಕ್ಯಾಪ್ಟನ್ ನನ್ನ ಕೈಗೆ ಸಿಕ್ಕರೆ, ಬಟ್ಟೆ ಕತ್ತರಿಸುವ ಕತ್ತರಿಯಿಂದ ಅವನ ಮೀಸೆಯನ್ನು ಒಂದು ಕಡೆ ಮಾತ್ರ ಕತ್ತರಿಸಿ ಕಳಿಸುತ್ತೇನೆ. ಎರಡೂ ಕಡೆ ಕತ್ತರಿಸಿದರೆ ಅದೇ ಫ್ಯಾಷನ್ನು ಅಂತ ನಮ್ಮವರು ಮರುದಿನವೇ ಬೋಳಿಸಿಕೊಂಡು ಬರುತ್ತಾರೆ.

ಈ ಕ್ಯಾಪ್ಟನ್ ದಿನಾ ಸಂಜೆ ಏಳಕ್ಕೆ ಟೀವಿಯಲ್ಲಿ ಬರುವ ಧಾರಾವಾಹಿಯ ನಾಯಕ. ನಕ್ಷತ್ರಗಳ ನಡುವೆ ಆಕಾಶನೌಕೆ ನಡೆಸುವುದು ಅವನ ಉದ್ಯೋಗ. ನಡೆಸುವುದು ಅಂದರೇನು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತಾ ನಿಲ್ಲುವುದು. (ಅದಕ್ಕೆ ನೌಕೆಯೇ ಬೇಕೇ? ನಮ್ಮನೆ ವರಾಂಡಾ ಸಾಕು. ನಮ್ಮವರು ಮಾಡುತ್ತಲೇ ಇದ್ದಾರೆ.) ಎಂಥ ಗಂಡಾಂತರ ಬಂದರೂ ಆತ "ಮೊದಲು ಪರಿಸ್ಥಿತಿಯನ್ನು ಗಮನಿಸೋಣ" ಎನ್ನುತ್ತಾನೆ. ನಮ್ಮವರಿಗೆ ಅದು ವೇದವಾಕ್ಯ.

ನಮ್ಮವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಊರಲ್ಲಿ ಯಾರ ಮನೆ ನಲ್ಲಿ ಸೋರಿದರೂ ದೂರು ಬರೆದುಕೊಳ್ಳುವವರು ಇವರೇ. ಇಂಥ ಮಹನೀಯರ ಅಡುಗೆಮನೆಯ ನಲ್ಲಿ ಏಳು ವಾರದಿಂದ ಟಪ್ ಟಪ್ ಅನ್ನುತ್ತಿದೆ.

"ರೀ, ಒಂದು ವಾಷರ್ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು?"

"ಪರಿಸ್ಥಿತಿ ಗಮನಿಸ್ತಾ ಇದ್ದೀನಿ ಕಣೇ."

"ಏಳು ವಾರದಿಂದ?"

"ಕ್ಯಾಪ್ಟನ್ ಒಂದು ಧೂಮಕೇತುನ ಹನ್ನೆರಡು ಎಪಿಸೋಡು ಗಮನಿಸಿದ್ದ. ಅಲ್ವೇನಮ್ಮಾ?"

"ಹೌದಪ್ಪಾ," ಎಂದರು ಸೋಫಾದ ಮೇಲಿಂದ ಅತ್ತೆ.

ನನಗೆ ಮೈಯೆಲ್ಲಾ ಉರಿದುಹೋಯಿತು. ಸಂಜೆಯಾದರೆ ತಾಯಿ ಮಗ ಇಬ್ಬರೂ ಸೋಫಾದಲ್ಲಿ, ನಾನು ಒಳಗೆ ಸಿಂಕಿನ ಮುಂದೆ. ಅತ್ತೆಗೂ ನನಗೂ ಜಗಳವೇನಿಲ್ಲ. ಜಗಳವಾಡಬೇಕಾದರೂ ಮಾತು ಬೇಕಲ್ಲ! ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರ ಸಂಭಾಷಣೆ "ಉಪ್ಪು ಹಾಕಿದ್ಯಾ?", "ಹಾಕಿದೀನಿ", "ಚಿಲಕ ಹಾಕಿದ್ಯಾ?", "ಹಾಕಿದೀನಿ" ಎನ್ನುವುದರಿಂದ ಒಂದು ಗೇಣೂ ಮುಂದೆ ಹೋಗಿಲ್ಲ.

ಕೊನೆಗೆ ರೋಸಿಹೋಗಿ ಒಂದು ದಿನ ಇವರ ಕಚೇರಿಗೇ ಫೋನು ಮಾಡಿದೆ.

"ನಮಸ್ಕಾರ, ದೂರು ವಿಭಾಗ. ವಿಳಾಸ ಹೇಳಿ."

"ನಾನ್ರೀ! ನಿಮ್ಮನೇ ನಲ್ಲಿ!"

"ವಿಳಾಸ ಹೇಳಿ, ಮೇಡಂ."

ಹೇಳಿದೆ. ನನ್ನ ಗಂಡನಿಗೆ ನನ್ನ ಮನೆಯ ವಿಳಾಸವನ್ನು ಪಿನ್‌ಕೋಡ್ ಸಮೇತ ಹೇಳಿದೆ. ದೂರು ಸಂಖ್ಯೆ ಸಾವಿರದ ನೂರ ನಲವತ್ತಾರು. ಸಂಜೆ ಮನೆಗೆ ಬಂದವರು ಷೂ ಬಿಚ್ಚುತ್ತಾ, "ನಿನ್ನದು ಸರದಿಯಲ್ಲಿದೆ, ಸಹಕರಿಸಬೇಕು," ಎಂದರು.

ಅಂದೇ ಯುದ್ಧ ಘೋಷಣೆಯಾಯಿತು. ಆ ಕ್ಯಾಪ್ಟನ್ ಎಲ್ಲಾದರೂ ಎಡವಿರಲೇಬೇಕು. ಎಡವಿದ್ದನ್ನು ಹುಡುಕಿ ಇವರ ಮುಖಕ್ಕೆ ಎಸೆಯಬೇಕು! ನಾನು ಮನೆಯಲ್ಲೇ ಶಾಲೆಯ ಯೂನಿಫಾರ್ಮ್ ಹೊಲಿಯುವವಳು. ಮರುದಿನದಿಂದ ಮಧ್ಯಾಹ್ನ ಹೊಲಿಗೆ ಮಷಿನ್ನಿಗೆ ಫೋನು ಒರಗಿಸಿಕೊಂಡು ಒಂದನೇ ಎಪಿಸೋಡಿನಿಂದ ನೋಡಲು ಕೂತೆ. ಹಲ್ಲು ಕಡಿದುಕೊಂಡೇ ನೋಡಿದೆ. ಆ ಸಿಟ್ಟಿನಲ್ಲಿ ಆರು ಅಂಗಿಗಳಿಗೆ ಜೇಬು ತಲೆಕೆಳಗಾಗಿ ಹೊಲಿದಿದ್ದೆ, ಅದು ಬೇರೆ ವಿಷಯ.

ಹಾಗೆ ನೋಡುವಾಗಲೇ ಅವಳು ಕಣ್ಣಿಗೆ ಬಿದ್ದಳು. ನೌಕೆಯ ಕೆಳಗೆ, ಇಂಜಿನ್ ಕೋಣೆಯಲ್ಲಿ ಒಬ್ಬಳು ಮೆಕ್ಯಾನಿಕ್. ತಲೆಗೆ ಬಟ್ಟೆ, ಕೆನ್ನೆಗೆ ಗ್ರೀಸು. ತೊಂಬತ್ತೆರಡು ಎಪಿಸೋಡಿನಲ್ಲಿ ಅವಳಿಗೆ ಒಂಬತ್ತೇ ಮಾತು, ನಾನು ಎಣಿಸಿದ್ದೇನೆ. ಅದರಲ್ಲಿ ಎಂಟು ಸಲ ಒಂದೇ ಮಾತು: "ಆಯ್ತು, ನಾನು ನೋಡ್ತೀನಿ." ಕ್ಯಾಪ್ಟನ್ ಕಿಟಕಿಯಲ್ಲಿ ಪರಿಸ್ಥಿತಿ ಗಮನಿಸುವಾಗ ಕೆಳಗೆ ಬೆಂಕಿ ಆರಿಸುವವಳು ಇವಳು. ಪದಕ ಅವನಿಗೆ!

ತೊಂಬತ್ತೆರಡೂ ನೋಡಿ ಮುಗಿಸಿದ ಸಂಜೆ ಟೀವಿಯಲ್ಲಿ ಕ್ಯಾಪ್ಟನ್ನನಿಗೆ ಮತ್ತೊಂದು ಪದಕ. ನಮ್ಮವರು ಚಪ್ಪಾಳೆ ತಟ್ಟಿದರು. ನಾನು ಸೌಟು ಹಿಡಿದುಕೊಂಡೇ ಹೊರಗೆ ನುಗ್ಗಿದೆ.

"ಯಾಕ್ರೀ ಚಪ್ಪಾಳೆ? ನಲವತ್ತೊಂದನೇ ಎಪಿಸೋಡಲ್ಲಿ ಅವನು ಗೊರಕೆ ಹೊಡೀತಿದ್ದಾಗ ವಾಲ್ವ್ ಮುಚ್ಚಿದ್ದು ಯಾರು? ಅರವತ್ತರಲ್ಲಿ ಕೈ ಸುಟ್ಟುಕೊಂಡಿದ್ದು ಯಾರು? ಅವಳಿಲ್ದಿದ್ರೆ ನಿಮ್ಮ ಕ್ಯಾಪ್ಟನ್ ಎರಡನೇ ವಾರಕ್ಕೇ ಹೊಗೆ!"

ಅತ್ತೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇವತ್ತು ಹನ್ನೊಂದು ವರ್ಷದ ಬಾಕಿ ಜಗಳವೆಲ್ಲ ಒಟ್ಟಿಗೇ ಆಗಿಹೋಗುತ್ತದೆ ಅಂದುಕೊಂಡೆ.

"ಅರವತ್ತೊಂದರಲ್ಲಿ," ಎಂದರು ಅತ್ತೆ.

"ಏನತ್ತೆ?"

"ಕೈ ಸುಟ್ಟಿದ್ದು ಅರವತ್ತೊಂದರಲ್ಲಿ. ಬಟ್ಟೆ ಸುತ್ತಿಕೊಂಡು ಮತ್ತೆ ಕೆಲಸಕ್ಕೆ ಹೋದ್ಲು, ಪಾಪ. ನಂಗೆ ಆ ಮೀಸೆಯವನ್ನ ಕಂಡ್ರೆ ಮೊದಲಿಂದ್ಲೂ ಆಗಲ್ಲ. ನಾನು ದಿನಾ ಕೂರೋದೇ ಅವಳಿಗೋಸ್ಕರ."

"ಅಮ್ಮಾ!" ಎಂದರು ನಮ್ಮವರು, ಮನೆಯೇ ತಲೆಯ ಮೇಲೆ ಬಿದ್ದವರಂತೆ.

"ನೀನು ಆ ಕಡೆ ಸರಿಯೋ. ಬಾರೇ, ಕೂತ್ಕೋ. ಅಡುಗೆ ಆಮೇಲಾಗತ್ತೆ."

ಆ ಸೋಫಾದಲ್ಲಿ ನನಗೂ ಜಾಗವಿದೆ ಎಂದು ಅಷ್ಟು ವರ್ಷ ಯಾರೂ ಹೇಳಿರಲಿಲ್ಲ. ಅಷ್ಟು ಸಿಟ್ಟಿನಲ್ಲೂ ನನ್ನ ಕಣ್ಣು ತುಂಬಿತು. ಮುಂದಿನ ನಾಲ್ಕು ದಿನ ಅತ್ತೆಯೂ ನಾನೂ ಆಡಿದಷ್ಟು ಮಾತನ್ನು ಊರಿನ ರೇಡಿಯೋ ಕೂಡ ಆಡಿರಲಾರದು. ಅವರೂ ಮದುವೆಗೆ ಮುಂಚೆ ಗಡಿಯಾರದ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದರಂತೆ! ಮಾವ ಬಿಡಿಸಿದರಂತೆ. ಆ ಮಾವನ ಮೇಲೂ ಇಬ್ಬರೂ ಸೇರಿ ಚೆನ್ನಾಗಿ ಸಿಟ್ಟಾದೆವು.

ಭಾನುವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ನಮ್ಮವರ ಮೇಲೆ ಮುಗಿಬಿದ್ದೆವು. ಪಾಪ, ಒಬ್ಬಳನ್ನಾದರೆ ಸಂಭಾಳಿಸಿಯಾರು. ಮುಖ ಸಣ್ಣದು ಮಾಡಿಕೊಂಡು ಎದ್ದರು. ಸ್ಪ್ಯಾನರ್ ಹುಡುಕಿದರು. ಹೊಸ ವಾಷರ್ ತಂದರು. ತೋಳು ಮಡಿಚಿ, ಮೊದಲು ನೀರಿನ ವಾಲ್ವ್ ಮುಚ್ಚಲು ಸಿಂಕಿನ ಕೆಳಗೆ ಬಗ್ಗಿಯೂ ಬಗ್ಗಿದರು. ಇಷ್ಟು ವಾರಗಳ ಹೋರಾಟಕ್ಕೆ ಜಯ ಸಿಗಲು ಇನ್ನು ಒಂದೇ ಗೇಣು!

ಆಗ ಅತ್ತೆ ಹೆಮ್ಮೆಯಿಂದ ನನ್ನ ಹೆಗಲ ಮೇಲೆ ಕೈಯಿಟ್ಟರು. "ಏಳೋ ನೀನು. ನಿನ್ನ ಕೈಲಿ ಏನಾಗತ್ತೆ? ನನ್ನ ಸೊಸೆ ಯಾರಿಗೂ ಕಾಯೋಳಲ್ಲ. ಥೇಟ್ ಅವಳೇ ಇವಳು!"

"ನನ್ನ ಸೊಸೆ" ಎಂಬ ಆ ಮಾತಿಗೆ ನಾನು ಉಬ್ಬಿಹೋದೆ. ಹಾಳಾದವಳು, ನಾನೇ, ನನ್ನ ಕೈಯಾರೆ, ಅವರ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡೆ. ತಲೆಗೆ ಟವೆಲ್ ಕಟ್ಟಿ ಒಳಗೆ ತೂರಿಕೊಂಡೆ. ಅತ್ತೆ ಟಾರ್ಚ್ ಹಿಡಿದರು. ಮೂಗಿಗೆ ನೀರು ನುಗ್ಗಿ ಅರ್ಧ ಗಂಟೆ ಒದ್ದಾಡಿ ಕೊನೆಗೆ ವಾಲ್ವ್ ಮುಚ್ಚಿ, ವಾಷರ್ ಬದಲಾಯಿಸಿ, ನಲ್ಲಿ ಸೋರುವುದನ್ನು ನಿಲ್ಲಿಸಿದೆ. ಹೊರಗೆ ಬಂದು ನೋಡಿದರೆ ನಮ್ಮವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತಾ ನಿಂತಿದ್ದರು. ಸೋಮವಾರ ಕಚೇರಿಯ ಪುಸ್ತಕದಲ್ಲಿ ಸಾವಿರದ ನೂರ ನಲವತ್ತಾರರ ಮುಂದೆ "ಪರಿಹರಿಸಲಾಗಿದೆ" ಎಂದು ಬರೆದು ತಮ್ಮ ಸಹಿ ಹಾಕಿದರಂತೆ. ಮೇಲಧಿಕಾರಿ ಶಹಭಾಸ್ ಎಂದರಂತೆ!

ಮಂಗಳವಾರ ಸಂಜೆ ಅತ್ತೆ, ನಾನು, ಇವರು ಮೂವರೂ ಸೋಫಾದಲ್ಲಿದ್ದೆವು. ಧಾರಾವಾಹಿ ಇನ್ನೇನು ಶುರುವಾಗಬೇಕು, ಬಚ್ಚಲಿನಲ್ಲಿ ಏನೋ ಢಬ್ ಎಂದಿತು. ನೀರು ಸುರಿಯುವ ಸದ್ದು. ಇವರು ನನ್ನನ್ನು ನೋಡಿದರು. ಅತ್ತೆ ಅಭಿಮಾನದಿಂದ ನನ್ನನ್ನು ನೋಡಿದರು. ಇಬ್ಬರಿಗೂ ಸರಿಯಾಗಿ ಬೈಯಬೇಕೆಂದು, ಮೈಯೆಲ್ಲಾ ಉರಿಯುತ್ತಾ, ನಾನು ಬಾಯಿ ತೆರೆದೆ.

"ಆಯ್ತು," ಎಂದಿತು ಬಾಯಿ, "ನಾನು ನೋಡ್ತೀನಿ."