ಹೆಸರಿನ ಬಾಲಕ್ಕೊಂದು ಎಸ್ಕ್ವೈರ್

ಜಡ್ಜ್ ನಕ್ಕರೋ ಇಲ್ಲವೋ, ಈಗ ನನಗೇ ಖಚಿತವಿಲ್ಲ. ನಕ್ಕರೆಂದು ಎಷ್ಟು ಸಲ ಹೇಳಿದ್ದೇನೆಂದರೆ, ಆ ನಗು ಕೋರ್ಟಿನದೋ ನನ್ನ ಕಥೆಯದೋ ತಿಳಿಯದಾಗಿದೆ.

ತೊಂಬತ್ತರ ದಶಕ. ಅಮೆರಿಕದ ಜರ್ಮನ್‌ಟೌನಿನ ಅಪಾರ್ಟ್‌ಮೆಂಟಿನಲ್ಲಿ ಮೇಲ್‌ಬಾಕ್ಸಿಗೆ ಹೆಸರು ಅಂಟಿಸುವಾಗ ಕೊನೆಗೊಂದು 'ಎಸ್ಕ್ವೈರ್' ಸೇರಿಸಿದೆ. ಮೈಸೂರಿನಲ್ಲಿ ನಮ್ಮ ತಾತನಿಗೆ ಬರುತ್ತಿದ್ದ ಇಂಗ್ಲಿಷ್ ಕಾಗದಗಳ ಮೇಲೆ ಹಾಗೇ ಇರುತ್ತಿತ್ತು. 'ಶ್ರೀಯುತ'ಕ್ಕೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ ಎಂದುಕೊಂಡಿದ್ದೆ. ಎಂ.ಎ. ಮಾಡಿದವನಿಗೆ ಅಷ್ಟೂ ಗೊತ್ತಿರುವುದಿಲ್ಲವೇ!

ಮರುವಾರ ಮೇಲಿನ ಮನೆಯ ನಾಗರಾಜ, ಕಾರು ಜೋರಾಗಿ ಓಡಿಸಿದ್ದಕ್ಕೆ ಪೊಲೀಸರು ಬರೆದುಕೊಟ್ಟ ಸ್ಪೀಡಿಂಗ್ ಟಿಕೆಟ್ ಹಿಡಿದು ಬಂದ.

"ಸಾರ್, ನೀವು ಲಾಯರ್ ಅಂತ ಹೇಳ್ಲೇ ಇಲ್ವಲ್ಲ! ತಪ್ಪಿನ ಲೆಕ್ಕಕ್ಕೆ ಇನ್ನೊಂದು ಪಾಯಿಂಟ್ ಬಿದ್ರೆ ಲೈಸೆನ್ಸ್ ಸಸ್ಪೆಂಡ್. ಲ್ಯಾಬಿಗೆ ಹೇಗೆ ಡ್ರೈವ್ ಮಾಡ್ಲಿ? ಕೆಲಸ ಹೋದ್ರೆ ವೀಸಾನೂ ಹೋಯ್ತು."

"ನಾನು ಲಾಯರ್ ಅಂತ ಯಾರಪ್ಪಾ ಹೇಳಿದ್ದು?"

"ನಿಮ್ಮ ಮೇಲ್‌ಬಾಕ್ಸೇ ಹೇಳ್ತಿದೆ! ಇಲ್ಲಿ ಎಸ್ಕ್ವೈರ್ ಅಂತ ಹಾಕ್ಕೊಳ್ಳೋದು ಲಾಯರ್‌ಗಳು ಸಾರ್."

"ರೀ, ಮೊದಲು ಹೋಗಿ ಅದನ್ನ ಕಿತ್ತು ಬನ್ನಿ," ಎಂದಳು ಒಳಗಿನಿಂದ ನನ್ನ ಹೆಂಡತಿ ಶಾರದೆ.

ಕೀಳಲಿಲ್ಲ. ಲೈಬ್ರರಿಗೆ ಹೋಗಿ ದಪ್ಪ ಡಿಕ್ಷನರಿ ಬಿಡಿಸಿದೆ. ಮೂಲ ಲ್ಯಾಟಿನ್; ಅರ್ಥ ಗುರಾಣಿ ಹೊರುವವನು! ನೈಟ್ ಎಂಬ ಕುದುರೆವೀರನ ಜೊತೆಗಿರುತ್ತಿದ್ದ ಸಹಾಯಕ. ಕಾಲಕ್ರಮೇಣ ನೈಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಗೃಹಸ್ಥ. ಕೊನೆಗೆ, ಕಾಗದ ಬರುವ ಯಾವ ಮರ್ಯಾದಸ್ಥನಾದರೂ ಸರಿ. ಓದುತ್ತ ಓದುತ್ತ ಕಿಟಕಿಯಾಚೆಯ ಪಾರ್ಕಿಂಗ್ ಲಾಟಿನಲ್ಲಿ ಕಾರುಗಳೆಲ್ಲ ಮೆಲ್ಲಗೆ ಕುದುರೆಗಳಾದವು. ಅವುಗಳ ಬೆನ್ನಿನ ಮೇಲೆ ಬಿಸಿಲು ಕವಚದಂತೆ ಹೊಳೆಯಿತು.

"ವಾದ ಮಾಡೋಕಾಗಲ್ಲ. ಜೊತೆಗೆ ಬರ್ತೀನಿ," ಎಂದು ನಾಗರಾಜನಿಗೆ ಅಭಯವಿತ್ತೆ.

ಕೋರ್ಟಿನಲ್ಲಿ ಉದ್ದನೆಯ ಬೆಂಚು, ಮಧ್ಯಾಹ್ನದ ಮಂಪರು, ಜೇನುಹುಳುಗಳಂತೆ ಗುಂಯ್‌ಗುಡುವ ದನಿಗಳು. ನಾಗರಾಜನ ಫೈಲನ್ನು ಎದೆಗೊತ್ತಿಕೊಂಡು ಕುಳಿತಿದ್ದೆ. ಅದು ಯಾವ ಗಳಿಗೆಯಲ್ಲಿ ಗುರಾಣಿಯಾಯಿತೋ! ಅವನ ಹೆಸರು ಕೂಗಿದಾಗ ಅವನಿಗಿಂತ ಮೊದಲು ನಾನು ಎದ್ದು ನಿಂತಿದ್ದೆ.

"ನೀವು ಇವರ ಅಟಾರ್ನಿಯೇ?" ಎಂದರು ಜಡ್ಜ್.

"ಅಲ್ಲ ಮಹಾಸ್ವಾಮಿ, ಎಸ್ಕ್ವೈರ್. ಮೂಲಾರ್ಥದಲ್ಲಿ!"

ಪದದ ಚರಿತ್ರೆ ಬಿಡಿಸುತ್ತ ಲ್ಯಾಟಿನ್‌ನಿಂದ ಹೊರಟವನು ಫ್ರೆಂಚ್ ತಲುಪುವಷ್ಟರಲ್ಲಿ ನಾಗರಾಜ ನನ್ನ ಕೋಟು ಜಗ್ಗತೊಡಗಿದ. "ಸಾರ್, ಕೂತ್ಕೊಳ್ಳಿ ಸಾರ್! ನನ್ನ ಇಂಡಿಯಾಕ್ಕೇ ಕಳಿಸಿಬಿಡ್ತಾರೆ!"

"ಗುರಾಣಿ ಕೆಳಗಿಟ್ಟು ಕುಳಿತುಕೊಳ್ಳಿ," ಎಂದು ಜಡ್ಜ್ ನಕ್ಕು ಹೇಳಿದಂತೆ ನೆನಪು. ಕಾಗದ ನೋಡಿದರು. ಕೇಸು ವಜಾ!

ನನ್ನ ಲ್ಯಾಟಿನ್‌ಗೆ ಮನಸೋತು ನ್ಯಾಯಪೀಠವೇ ತಲೆಬಾಗಿತೆಂದು ಎಷ್ಟೋ ವರ್ಷ, ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಊಟಗಳಲ್ಲಿ ಹೇಳುತ್ತ ಬಂದೆ. ಪ್ರತಿ ಸಲವೂ ಶಾರದೆ "ಹೂಂ" ಎಂದಷ್ಟೇ ಹೇಳಿ ಮೊಸರನ್ನ ಬಡಿಸುತ್ತಿದ್ದಳು. ಆ 'ಹೂಂ' ತಡೆಯಲಾರದೆ ಮೊನ್ನೆ ನಾಗರಾಜನಿಗೆ ಫೋನ್ ಮಾಡಿ, ಅವನು ಜೋಪಾನವಾಗಿಟ್ಟಿದ್ದ ಕೋರ್ಟಿನ ಕಾಗದವನ್ನು ಓದಿಸಿದೆ. ಎರಡು ಸಲ ಓದಿಸಿದೆ. ವಜಾಕ್ಕೆ ಕಾರಣ ಒಂದೇ ಸಾಲಿನಲ್ಲಿತ್ತು: ಟಿಕೆಟ್ ಬರೆದ ಪೊಲೀಸ್ ಅಧಿಕಾರಿ ಅಂದು ಗೈರುಹಾಜರು.